ಹತ್ತು ಪೀಪಾಯಿ, ಒಂದು ಪೀಕದಾನಿ

ಬನಹಟ್ಟಿ, ಹೊರಡುವ ಮುಂಚೆ

ನಾನು ಸ್ಕಾಟ್ಲೆಂಡಿಗೆ ಹೋಗಿ ವಿಸ್ಕಿ ಉಗುಳಿ ಬಂದವಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಮ್ಮ ಓಣಿಯಲ್ಲಿ ಸುದ್ದಿ ಬೇರೆ ಥರ ಹಬ್ಬಿದೆ. ಈರಣ್ಣನ ಹೆಂಡತಿ ಮಹಾನಂದಾ ಕುಡಿಯುವುದನ್ನು ಕಲಿಯಲು ವಿಮಾನ ಹತ್ತಿದಳಂತೆ. ಊರ ಬಾಯಿ ಮುಚ್ಚಿಸಲು ಯಾರಿಂದಲೂ ಆಗಿಲ್ಲ, ನನ್ನಿಂದ ಆದೀತೇ?

ಮುಧೋಳದ ಹತ್ತಿರದ ಒಂದು ಡಿಸ್ಟಿಲರಿಯ ಲ್ಯಾಬಿನಲ್ಲಿ ನಾನು ಹತ್ತೊಂಬತ್ತು ವರ್ಷಗಳಿಂದ ಕೆಲಸ ಮಾಡುತ್ತೇನೆ. ಕಬ್ಬಿನ ಸೀಮೆ ನಮ್ಮದು, ಹಾಗಾಗಿ ಕಾಕಂಬಿಯಿಂದ ಸ್ಪಿರಿಟ್ ತೆಗೆಯುವುದೇ ಅಲ್ಲಿನ ದೊಡ್ಡ ಕೆಲಸ. ಕೆಲವು ವರ್ಷಗಳ ಹಿಂದೆ ನಮ್ಮ ಮಾಲಕರಿಗೆ ಸಿಂಗಲ್ ಮಾಲ್ಟ್ ಹುಚ್ಚು ಹಿಡಿಯಿತು. ಬರೀ ಮೊಳಕೆ ಬರಿಸಿದ ಬಾರ್ಲಿಯಿಂದ, ಒಂದೇ ಭಟ್ಟಿಯಲ್ಲಿ ಇಳಿಸಿ, ಕಟ್ಟಿಗೆಯ ಪೀಪಾಯಿಯಲ್ಲಿ ವರ್ಷಗಟ್ಟಲೆ ಮಲಗಿಸಿ ತೆಗೆಯುವ ವಿಸ್ಕಿ ಅದು. ಭಟ್ಟಿಯಿಂದ ಇಳಿದಾಗ ನೀರಿನ ಹಾಗೆ ಇರುತ್ತದೆ. ಬಣ್ಣ, ವಾಸನೆ, ರುಚಿ ಬಹುಪಾಲು ಬರುವುದು ಪೀಪಾಯಿಯಿಂದ. ಹಾಗಾಗಿ ಯಾವ ಪೀಪಾಯಿಯಲ್ಲಿ ಏನು ಆಗುತ್ತಿದೆ ಎಂದು ತಿಳಿದವರೇ ಗೋದಾಮಿನ ಉಸ್ತುವಾರಿ ನೋಡಬೇಕು. ಆ ಉಸ್ತುವಾರಿ ನೋಡುತ್ತಿದ್ದವರು ನಿವೃತ್ತರಾದಾಗ, ಆ ಕೆಲಸ ನನಗೆ ಕೊಡಿ ಎಂದು ನಾನೇ ಹೋಗಿ ಕೇಳಿದೆ.

ಮಾಲಕರು ನಕ್ಕರು. “ಮಹಾನಂದಾ, ನೀ ಜೀವಮಾನದಾಗ ಒಂದು ಹನಿ ಕುಡದಿಲ್ಲ. ಕುಡೀಲಾರದಾಕಿ ಕೈಯಾಗ ಗೋದಾಮ ಕೊಟ್ರ ಮಂದಿ ನಗತಾರ.”

“ನಗಲಿ ಬಿಡ್ರಿ. ನನ್ನ ಮೂಗು ಛಲೋ ಐತಿ.”

ಇದು ಬಡಾಯಿಯಲ್ಲ. ನಮ್ಮದು ಲಿಂಗ ಕಟ್ಟಿದ ನೇಕಾರರ ಮನೆ. ಪೂಜೆಯ ದಿನ ಎಡೆ ಹಿಡಿಯುವ ತನಕ ಅಡಿಗೆಯನ್ನು ಯಾರೂ ನಾಲಿಗೆಗೆ ಹಚ್ಚುವ ಹಾಗಿಲ್ಲ. ಸಾರಿಗೆ ಉಪ್ಪು ಸಾಲದು ಎನ್ನುವುದನ್ನು ಹಬೆಗೆ ಮೂಗು ಹಿಡಿದೇ ಹೇಳಬೇಕು. ಹತ್ತು ವರ್ಷದವಳಿದ್ದಾಗಿನಿಂದ ಹೇಳುತ್ತ ಬಂದಿದ್ದೇನೆ. ಲ್ಯಾಬಿನ ಯಂತ್ರ ತೋರಿಸುವುದಕ್ಕೂ ಮೊದಲೇ ಎಷ್ಟೋ ಸಲ ಕೆಟ್ಟ ಸ್ಪಿರಿಟನ್ನು ಹಿಡಿದಿದ್ದೇನೆ.

ಮಾಲಕರು ಕೊನೆಗೆ ಒಂದು ದಾರಿ ಹುಡುಕಿದರು. ಸ್ಪೇ ನದಿಯ ದಂಡೆಯ ಒಂದು ಸಣ್ಣ ಊರಿನಲ್ಲಿ ಪೀಪಾಯಿಗಳ ರುಚಿ ಕಲಿಸುವ ಆರು ದಿನದ ತರಬೇತಿ ಇದೆ. ನಾನು ಮತ್ತು ಭಟ್ಟಿಯ ಸುಪರ್‌ವೈಸರ್ ಶ್ರೀಶೈಲಣ್ಣ, ಇಬ್ಬರೂ ಹೋಗಬೇಕು. ಕೊನೆಯ ದಿನದ ಪರೀಕ್ಷೆಯಲ್ಲಿ ಯಾರು ಮುಂದೆ ಬರುತ್ತಾರೋ ನೋಡೋಣ ಅಂದರು. ಲೋಕಾಪುರದ ಶ್ರೀಶೈಲಣ್ಣ ನನಗಿಂತ ಆರು ವರ್ಷ ದೊಡ್ಡವರು, ಒಳ್ಳೆಯ ಮನುಷ್ಯ. ಸಂಜೆಗೊಂದು ಪೆಗ್ ಹಾಕುವುದನ್ನು ಅವರು ಮುಚ್ಚಿಟ್ಟವರಲ್ಲ. ಉಸ್ತುವಾರಿ ಅವರಿಗೇ ಎಂದು ಇಡೀ ಡಿಸ್ಟಿಲರಿ ತೀರ್ಮಾನಿಸಿತ್ತು.

ಹೊರಡುವ ದಿನ ನಮ್ಮ ಅತ್ತೆ ನೀಲವ್ವ ನನ್ನ ತಲೆಗೆ ಅಂಗೈ ತುಂಬ ಎಣ್ಣೆ ತಟ್ಟಿ ಹೆರಳು ಹಾಕಿದರು. ಆಮೇಲೆ ವಿಭೂತಿ ಹಚ್ಚಿ, “ಮೂಸಿ ನೋಡು, ಎಷ್ಟ ಬೇಕಾದ್ರೂ ಮೂಸು. ತುಟಿಗಿ ಮಾತ್ರ ಹಚ್ಚಬ್ಯಾಡ” ಅಂದರು. ಹಚ್ಚುವುದಿಲ್ಲ ಎಂದು ಅವರ ಕೈಮೇಲೆ ಕೈಯಿಟ್ಟು ಹೇಳಿ ಬಂದೆ.

ಮೊದಲ ದಿನ, ಪೀಪಾಯಿ ಕಟ್ಟುವವರ ಹತ್ತಿರ

ಸ್ಕಾಟ್ಲೆಂಡಿನ ಮಳೆಗೆ ನಮ್ಮಲ್ಲಿ ಹೆಸರೇ ಇಲ್ಲ. ನಮ್ಮ ಕಡೆ ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಇಲ್ಲಿ ಅದು ಬರುವುದೂ ಇಲ್ಲ, ಹೋಗುವುದೂ ಇಲ್ಲ, ಗಾಳಿಯಲ್ಲಿ ನಿಂತೇ ಇರುತ್ತದೆ. ಜನ ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ತೊಯ್ದುಕೊಂಡೇ ನಾಯಿ ಜೊತೆ ಅಡ್ಡಾಡುತ್ತಾರೆ. ಎದುರಿಗೆ ಬಂದವರು ಮೊದಲು ನಾಯಿಯನ್ನು ಮಾತಾಡಿಸಿ, ಆಮೇಲೆ ನಾಯಿಯವರನ್ನು ಮಾತಾಡಿಸುತ್ತಾರೆ. ಶ್ರೀಶೈಲಣ್ಣನಿಗೆ ಇದು ಬಹಳ ಹಿಡಿಸಿತು. ತಿಮ್ಮಾಪುರದಿಂದ ಅವರ ತಮ್ಮ ತಂದು ಸಾಕಿದ ಮುಧೋಳ ನಾಯಿಯ ಫೋಟೋ ಮೊಬೈಲಿನಲ್ಲಿತ್ತು. ಸಣಕಲು ನಾಯಿಯೊಂದನ್ನು ಹಿಡಿದು ಬಂದ ಒಬ್ಬ ಮುದುಕನಿಗೆ ಅದನ್ನು ತೋರಿಸಿದರು. ಇಬ್ಬರೂ, ಒಬ್ಬರ ಭಾಷೆ ಒಬ್ಬರಿಗೆ ಅರ್ಧವೂ ತಿಳಿಯದೆ ಮುಕ್ಕಾಲು ತಾಸು ಮಾತಾಡಿದರು.

ತರಬೇತಿ ಕೊಡುವವರು ಮೊಯ್ರಾ ಎನ್ನುವ ಹೆಂಗಸು. ಅರವತ್ತು ದಾಟಿರಬೇಕು. ಕತ್ತರಿಸಿದ ಬೆಳ್ಳಿ ಕೂದಲು, ಗಂಡಸರ ಬೂಟು, ನೇರ ಮಾತು. ಮೊದಲ ದಿನ ಅವರು ಗ್ಲಾಸು ಮುಟ್ಟಿಸಲಿಲ್ಲ. ಪೀಪಾಯಿ ಕಟ್ಟುವವರ ಶೆಡ್ಡಿಗೆ ಕರೆದುಕೊಂಡು ಹೋದರು.

ಓಕ್ ಮರದ ಹಲಗೆಗಳನ್ನು ಕಬ್ಬಿಣದ ಬಳೆಯೊಳಗೆ ನಿಲ್ಲಿಸಿ ಬಡಿಯುತ್ತಾರೆ. ಮೊಳೆಯಿಲ್ಲ, ಅಂಟಿಲ್ಲ. ಸಂದಿನಲ್ಲಿ ಒಣಗಿದ ಜೊಂಡು ಇಟ್ಟು ಬಿಗಿಯುತ್ತಾರೆ, ಅಷ್ಟೇ. ಬಡಿಯುವ ಸದ್ದು ಕಿವಿ ಕಿತ್ತುಹೋಗುವ ಹಾಗಿತ್ತು. ಉಳಿದ ತರಬೇತಿಯವರೆಲ್ಲ ಕಿವಿಗೆ ಹತ್ತಿ ಇಟ್ಟುಕೊಂಡರು. ಪವರ್‌ಲೂಮಿನ ಮನೆಗೆ ಮದುವೆಯಾಗಿ ಬಂದವಳಿಗೆ ಅದೇನು ದೊಡ್ಡದು? ನನಗೆ ಮನೆಗೇ ಬಂದ ಹಾಗೆ ಅನಿಸಿತು.

ಅಮೆರಿಕದಲ್ಲಿ ಬರ್ಬನ್ ಎಂಬ ಗೋವಿನಜೋಳದ ವಿಸ್ಕಿ ಮಾಡುತ್ತಾರಂತೆ. ಅದಕ್ಕೆ ಹೊಸ ಪೀಪಾಯಿಯೇ ಬೇಕು. ಒಳಗೆ ಬೆಂಕಿ ಹಚ್ಚಿ ಕರ್ರಗೆ ಸುಟ್ಟು, ಒಮ್ಮೆ ಬಳಸಿ ಮಾರಿಬಿಡುತ್ತಾರೆ. ಸ್ಪೇನ್ ದೇಶದಿಂದ ಶೆರಿ ಎಂಬ ದ್ರಾಕ್ಷಾರಸ ತುಂಬಿದ್ದ ದೊಡ್ಡ ಪೀಪಾಯಿಗಳು ಬರುತ್ತವೆ. ಪೋರ್ಚುಗಲ್ಲಿನ ಪೋರ್ಟ್ ವೈನಿನವು ಬೇರೆ. ನಾಲ್ಕನೆಯ ಜಾತಿ, ಇಲ್ಲಿಯೇ ಎರಡು ಮೂರು ಸಲ ವಿಸ್ಕಿ ತುಂಬಿ ಸತ್ವ ಬಿಟ್ಟುಕೊಟ್ಟ ಹಳೆಯ ಪೀಪಾಯಿ. ಐದನೆಯದು ಯಾರೂ ಏನೂ ತುಂಬದ ಹೊಸ ಓಕ್. ಕೊನೆಯ ದಿನ ಹತ್ತು ಗ್ಲಾಸು ಇಡುತ್ತಾರೆ. ಯಾವುದು ಯಾವ ಪೀಪಾಯಿಯದು ಎಂದು ಬರೆಯಬೇಕು. ಹತ್ತರಲ್ಲಿ ಒಂದು ಹೊರಗೆ ಕಳಿಸಲು ಲಾಯಕ್ಕಿಲ್ಲದ್ದು ಇರುತ್ತದೆ, ಅದನ್ನೂ ಹಿಡಿಯಬೇಕು.

ಎರಡನೆಯ ದಿನ, ನನ್ನ ತಲೆ

ಎರಡನೆಯ ದಿನ ಮೂರು ಗ್ಲಾಸು ಇಟ್ಟರು. ಬರ್ಬನ್, ಶೆರಿ, ಹಳೆಯ ಪೀಪಾಯಿ. ಮೇಜಿನ ಪಕ್ಕದಲ್ಲಿ ಉಗುಳಲು ಒಂದು ಉಕ್ಕಿನ ಪಾತ್ರೆ. ಮೂಗಿಗೆ ಹಿಡಿದು, ಬಾಯಿಗೆ ಹಾಕಿ, ಪಾತ್ರೆಗೆ ಉಗುಳಿ, ಅನಿಸಿದ್ದನ್ನು ಬರೆಯಬೇಕು. ನಾನು ಮೂಗಿಗೆ ಮಾತ್ರ ಹಿಡಿಯುತ್ತೇನೆ ಅಂದೆ. ಮೊಯ್ರಾ ಹುಬ್ಬು ಏರಿಸಿದರು, ಆದರೆ ಸದ್ಯಕ್ಕೆ ಸರಿ ಅಂದರು.

ಶ್ರೀಶೈಲಣ್ಣ ಮೂರನ್ನೂ ನುಂಗಿದರು. ಉಗುಳಿ ಎಂದು ಮೊಯ್ರಾ ಎರಡು ಸಲ ಹೇಳಿದ ಮೇಲೆ ನನ್ನ ಕಡೆ ಬಾಗಿ, “ಅಕ್ಕಾರ, ಇವರ ಮನಿಗಿ ಬಂದು, ಇವರು ಕೈಯಾರೆ ಕೊಟ್ಟದ್ದನ್ನ ಇವರ ಮುಂದs ಉಗುಳೂದು ಹೆಂಗ್ರಿ? ಎಡಿ ಮುಂದ ಕುಂತು ಊಟಾ ಚೆಲ್ಲಿದಂಗ ಆಕ್ಕೈತಿ” ಅಂದರು.

“ಅವರs ಉಗುಳು ಅನ್ನಾಕತ್ತಾರಲ್ರಿ ಅಣ್ಣಾರ.”

“ಅವರು ಸಂಕೋಚಕ್ಕ ಅಂತಾರ್ರಿ. ನಮಗ ತಿಳೀಬೇಕು.”

ಶೆರಿಯ ಗ್ಲಾಸಿನಲ್ಲಿ ನನಗೆ ಖಾರೀಕ ಎನ್ನುವ ಒಣ ಖರ್ಜೂರ, ಒಣದ್ರಾಕ್ಷಿ, ಕುದಿದು ಕುದಿದು ಕೆಂಪಾದ ಬೆಲ್ಲದ ಪಾಕ ಸಿಕ್ಕಿತು. ಹಳೆಯ ಪೀಪಾಯಿಯದರಲ್ಲಿ ಹಸಿ ಹುಲ್ಲು, ಇನ್ನೂ ಹಣ್ಣಾಗದ ಪೇರಲ. ಬರ್ಬನ್ ಗ್ಲಾಸಿನಲ್ಲಿ ಏನೂ ಇರಲಿಲ್ಲ. ಮತ್ತೆ ಹಿಡಿದೆ. ಎರಡು ಹನಿ ನೀರು ಹಾಕಿದರೆ ವಾಸನೆ ಬಿಚ್ಚುತ್ತದೆ ಅಂದರು, ಹಾಕಿ ಹಿಡಿದೆ. ಒಂಚೂರು ಸಿಹಿ, ಒಂಚೂರು ಕಟ್ಟಿಗೆ, ಮುಗಿಯಿತು. ಇದ್ದದ್ದನ್ನು ಇದ್ದ ಹಾಗೆ, ‘ಖಾಲಿ’ ಎಂದು ಬರೆದೆ.

ಮೊಯ್ರಾ ನನ್ನ ಹಾಳೆ ಓದಿದರು. “ಇದು ಎಲ್ಲರಿಗೂ ಮೊದಲು ಸಿಗುವ ವಾಸನೆ,” ಅಂದರು. “ಕೆಲವರಿಗೆ ಬಣ್ಣಗುರುಡು ಇರುವ ಹಾಗೆ ಕೆಲವರ ಮೂಗಿಗೆ ಒಂದು ವಾಸನೆ ಕಾಣುವುದಿಲ್ಲ. ಅದು ನಿಮ್ಮ ತಪ್ಪಲ್ಲ. ಆದರೆ ಅಂಥವರಿಗೆ ಗೋದಾಮಿನ ಕೆಲಸ ಆಗುವುದಿಲ್ಲ.”

ಅವರು ಮೆತ್ತಗೆ ಹೇಳಿದರು. ಏಳು ಸಮುದ್ರ ದಾಟಿ ಬಂದು ಎರಡನೆಯ ದಿನಕ್ಕೇ ಮೂಗು ಕುರುಡು ಅನ್ನಿಸಿಕೊಳ್ಳಬೇಕೇ? ಇನ್ನೊಂದು ಸಲ ಕೊಡಿ ಅಂದೆ. ಅವರು ಕೊಟ್ಟರು. ಸಿಗಲಿಲ್ಲ. ಇನ್ನೊಂದು ಸಲ ಅಂದೆ.

ಸಾಕು ಎಂದು ಗ್ಲಾಸು ಎತ್ತಲು ನನ್ನ ಹೆಗಲ ಮೇಲಿಂದ ಬಾಗಿದ ಮೊಯ್ರಾ ಹಾಗೇ ನಿಂತರು. ನನ್ನ ಹೆರಳನ್ನು ಎರಡು ಬೆರಳಲ್ಲಿ ಎತ್ತಿ ಮೂಸಿದರು. ಅಷ್ಟು ಹೊತ್ತಿನ ಗಂಭೀರ ಮುಖ ಬಿಚ್ಚಿಕೊಂಡಿತು.

“ಇದೇನು ಹಚ್ಚಿದ್ದೀರಿ?”

“ಕೊಬ್ಬರಿ ಎಣ್ಣೆ.”

“ಬರ್ಬನ್ ಪೀಪಾಯಿಯ ಗುರುತೇ ಕೊಬ್ಬರಿ. ಆ ಕಟ್ಟಿಗೆ ಕೊಡುವುದು ಅದನ್ನೇ. ನೀವು ಅದನ್ನು ತಲೆಯ ಮೇಲೆ ಹೊತ್ತುಕೊಂಡು ಗ್ಲಾಸಿನಲ್ಲಿ ಹುಡುಕುತ್ತಿದ್ದೀರಿ.”

ಬನಹಟ್ಟಿಯಲ್ಲಿ ಹೊರಗಿನಿಂದ ಬಂದವರಿಗೆ ಮಗ್ಗದ ಸದ್ದು ಕೇಳುತ್ತದೆ. ನಮಗೆ ಅದು ಕರೆಂಟು ಹೋಗಿ ನಿಂತಾಗ ಮಾತ್ರ ಗೊತ್ತಾಗುತ್ತದೆ. ನಲವತ್ತು ವರ್ಷ ದಿನಾ ತಲೆಯಲ್ಲಿದ್ದದ್ದು ಮೂಗಿಗೆ ಹೇಗೆ ಗೊತ್ತಾಗಬೇಕು? ಶ್ರೀಶೈಲಣ್ಣ ನಗು ತಡೆಯಲು ಕಿಟಕಿ ಕಡೆ ತಿರುಗಿದರು.

ಅವತ್ತು ಮಧ್ಯಾಹ್ನವೇ, ನಾವು ಇಳಿದುಕೊಂಡಿದ್ದ ಮನೆಯಾಕೆಯ ಹತ್ತಿರ ವಾಸನೆಯಿಲ್ಲದ ಪಾತ್ರೆ ತೊಳೆಯುವ ಸೋಪು ಕೇಳಿ ಇಸಿದುಕೊಂಡು ತಲೆ ತೊಳೆದೆ. ಒಂದಲ್ಲ, ಮೂರು ಸಲ. ಸೊಂಟದ ತನಕ ಇರುವ ಕೂದಲು, ಆ ಥಂಡಿ, ಆ ಸೋಪು. ಕೂದಲು ಹುರಿಹಗ್ಗದ ಹಾಗಾಯಿತು. ಎಣ್ಣೆ ಕುಡಿದಿದ್ದ ರವಿಕೆ, ಶಾಲು, ದಿಂಬಿನ ಹೊದಿಕೆ ಎಲ್ಲ ಒಗೆದೆ. ಊರಿನಿಂದ ತಂದಿದ್ದ ಶೇಂಗಾ ಚಟ್ನಿಯಲ್ಲಿ ಬೆಳ್ಳುಳ್ಳಿ ಇತ್ತು. ಅದನ್ನೂ, ಕಟಕ ರೊಟ್ಟಿಯನ್ನೂ ಶ್ರೀಶೈಲಣ್ಣನ ಕೈಗೆ ಒಪ್ಪಿಸಿ, ಉಳಿದ ದಿನ ಬರೀ ಓಟ್ಸ್ ಗಂಜಿಯ ಮೇಲೆ ಇರುತ್ತೇನೆ ಅಂದೆ.

“ಇಷ್ಟ್ಯಾಕ ಹಟಾ ಅಕ್ಕಾರ?” ಅಂದರು ಅವರು, ರೊಟ್ಟಿ ಮುರಿಯುತ್ತ.

“ನನಗ ಆ ಕೆಲಸ ಬೇಕ್ರಿ.”

“ನನಗೂ ಬೇಕ್ರಿ,” ಅಂದರು. ಅದರಲ್ಲಿ ಮುಚ್ಚುಮರೆಯಿರಲಿಲ್ಲ.

ಮರುದಿನ ಬೆಳಿಗ್ಗೆ ಮೊಯ್ರಾ ಅದೇ ಗ್ಲಾಸು ಕೈಗಿಟ್ಟರು. ಅಲ್ಲೇ ಯಾರೋ ಕೊಬ್ಬರಿ ತುರಿದಿಟ್ಟ ಹಾಗೆ ವಾಸನೆ ಎದ್ದು ಬಂತು. ಅದರ ಹಿಂದೆ ಬಾಳೆಹಣ್ಣು, ಅದರ ಹಿಂದೆ ಮದುವೆಮನೆಯ ಐಸ್‌ಕ್ರೀಮು. ನನ್ನ ಕಣ್ಣಲ್ಲಿ ನೀರು ಬಂತು. ಸ್ಪಿರಿಟಿನ ಘಾಟಿಗಲ್ಲ, ಸಂತೋಷಕ್ಕೆ.

ಮೂರನೆಯ ದಿನ, ಅವರ ಗೋದಾಮು

ಮಣ್ಣು ನೆಲ, ತಗ್ಗು ಛಾವಣಿ, ಗೋಡೆಗೆ ಕಪ್ಪು ಬೂಷ್ಟು. ಒಳಗೆ ಹೋದರೆ ಕಾಳು ತುಂಬುವ ಹಗೇವಿಗೆ ಇಳಿದ ಹಾಗೆ ತಂಪು. ಪೀಪಾಯಿಗಳು ಹನ್ನೆರಡು, ಹದಿನೆಂಟು ವರ್ಷಗಳಿಂದ ಮಲಗಿವೆ. ವರ್ಷಕ್ಕೊಂದಿಷ್ಟು ಗಾಳಿಗೆ ಹೋಗುತ್ತದೆ. ಅದು ದೇವದೂತರ ಪಾಲು ಎಂದು ಇಲ್ಲಿನವರು ಸಮಾಧಾನ ಮಾಡಿಕೊಂಡಿದ್ದಾರೆ. ನಮ್ಮ ಮುಧೋಳದ ಬಿಸಿಲಿನಲ್ಲಿ ದೇವದೂತರು ಪೀಪಾಯಿಗೇ ಬಾಯಿ ಹಚ್ಚಿ ಕುಡಿಯುತ್ತಾರೆ ಅಂದೆ. ಮೊಯ್ರಾ ನಗಲಿಲ್ಲ.

“ಹಾಗಾದರೆ ನಿಮ್ಮ ಕೆಲಸ ನಮ್ಮದಕ್ಕಿಂತ ಕಷ್ಟ,” ಅಂದರು. “ಇಲ್ಲಿ ಹತ್ತು ವರ್ಷದಲ್ಲಿ ಕಟ್ಟಿಗೆ ಕೊಡುವುದನ್ನು ನಿಮ್ಮಲ್ಲಿ ಮೂರು ಬೇಸಿಗೆ ಕೊಟ್ಟುಬಿಡುತ್ತದೆ. ಕೆಟ್ಟ ಪೀಪಾಯಿ ಕೆಡಿಸುವುದೂ ಅಷ್ಟೇ ಬೇಗ. ನಿಮ್ಮಲ್ಲಿ ಉಸ್ತುವಾರಿಯವರಿಗೆ ತಪ್ಪು ಮಾಡಲು ಪುರುಸೊತ್ತು ಇರುವುದಿಲ್ಲ.” ಆಮೇಲೆ ನನ್ನ ಕಡೆ ತಿರುಗಿದರು. “ನಿಮ್ಮ ಮೂಗು ನಿಜಕ್ಕೂ ಒಳ್ಳೆಯದು. ಮೂಗಿನಿಂದ ಒಂಬತ್ತು ಗ್ಲಾಸು ದಾಟಬಹುದು. ಕೆಟ್ಟದ್ದನ್ನು ಹಿಡಿಯಲು ಬಾಯಿ ಬೇಕು. ಅದು ಮೂಗಿಗೆ ಸಿಹಿಯಾಗಿ ಸುಳ್ಳು ಹೇಳುತ್ತದೆ. ಉಗುಳಿದ ಮೇಲೆ ಬಾಯಲ್ಲಿ ಉಳಿಯುವುದಷ್ಟೇ ನಿಜ.”

ನಾನು ಮಾತು ಕೊಟ್ಟು ಬಂದಿದ್ದೇನೆ ಅಂದೆ. ಮಾತು ದೊಡ್ಡದು ಎಂದು ಅವರೂ ಒಪ್ಪಿದರು. ಆದರೆ ಪರೀಕ್ಷೆಯ ನಿಯಮ ಬದಲಾಯಿಸುವುದಿಲ್ಲ ಅಂದರು.

ಭಾನುವಾರ, ನದಿಯ ದಂಡೆ

ಭಾನುವಾರ ರಜೆ. ಸ್ಪೇ ನದಿ ನಮ್ಮ ಘಟಪ್ರಭೆಗಿಂತ ಅಗಲವಿಲ್ಲ, ಆದರೆ ಅವಸರ ಹೆಚ್ಚು. ಚಹದ ಬಣ್ಣದ ನೀರು. ಸೊಂಟದ ತನಕ ರಬ್ಬರ್ ಬೂಟು ಹಾಕಿದ ಒಬ್ಬ ಮನುಷ್ಯ ನಡು ನೀರಲ್ಲಿ ನಿಂತು ಮೀನಿಗೆ ಗಾಳ ಬೀಸುತ್ತಿದ್ದ. ಬಹಳ ಹೊತ್ತಾದ ಮೇಲೆ ಒಂದು ಸಿಕ್ಕಿತು. ಅದನ್ನು ಮುದ್ದಾಡಿ, ಮತ್ತೆ ನೀರಿಗೇ ಬಿಟ್ಟ. ಹಿಡಿದು ಬಿಡುವುದು, ಬಾಯಿಗೆ ಹಾಕಿ ಉಗುಳುವುದು. ಈ ದೇಶದವರಿಗೆ ಯಾವುದನ್ನೂ ನುಂಗುವ ಚಟವಿಲ್ಲ ಎಂದು ಶ್ರೀಶೈಲಣ್ಣ ಬೇಸರಪಟ್ಟರು.

ಅವರು ನಾಯಿಯ ಮುದುಕನನ್ನು ಹುಡುಕಿಕೊಂಡು ಹೋದ ಮೇಲೆ ನಾನು ಕಲ್ಲಿನ ಮೇಲೆ ಕುಳಿತು ಮನೆಗೆ ಫೋನು ಹಚ್ಚಿದೆ. ಒಂದು ಮಾತು ಹೇಳಬೇಕು. ಯಾರಿಗೂ ಹೇಳದೆ ಬಾಯಿಗೆ ಹಾಕಿ ಉಗುಳಿಬಿಡುವ ಯೋಚನೆ ನನಗೆ ಬಂದಿತ್ತು. ಬನಹಟ್ಟಿಗೆ ಯಾರು ಹೋಗಿ ಹೇಳುತ್ತಾರೆ? ಆದರೆ ಕದ್ದು ಗೆದ್ದ ಕೆಲಸವನ್ನು ದಿನಾ ಬೆಳಿಗ್ಗೆ ಎದ್ದು ಮಾಡುವುದು ನನ್ನಿಂದ ಆಗದು. ಇಲ್ಲ ಎಂದರೆ ಬಿಟ್ಟು ಬರುವುದು, ಹೂಂ ಅಂದರೆ ಮಾಡುವುದು ಎಂದು ಗಟ್ಟಿ ಮಾಡಿಕೊಂಡೆ.

ಗಂಡ ಫೋನ್ ಎತ್ತಿದರು. ಹಿಂದೆ ಮಗ್ಗದ ಸದ್ದು. ವಿಷಯ ಕೇಳಿ, “ಇದು ನಿನಗೂ ಅವ್ವಗೂ ಬಿಟ್ಟದ್ದು” ಎಂದು ಅತ್ತೆಗೆ ಕೊಟ್ಟರು.

“ಅತ್ಯಾರ, ಒಂದು ಮಾತ ಕೇಳೂದಿತ್ರಿ.” ಎಲ್ಲ ಹೇಳಿದೆ. ಗ್ಲಾಸು, ಬಾಯಿ, ಕೆಲಸ, ಕೊಟ್ಟ ಮಾತು.

ಅತ್ತೆ ಕೇಳಿದರು. “ಉಗುಳಾಕ ಪೀಕದಾನಿ ಇಟ್ಟಾರೇನ?”

“ಇಟ್ಟಾರ್ರಿ.”

“ಎಲ್ಲಾರೂ ಉಗುಳತಾರೇನ?”

“ಎಲ್ಲಾರೂ ಉಗುಳತಾರ. ಶ್ರೀಶೈಲಣ್ಣಾರ ಒಬ್ರನ್ನ ಬಿಟ್ಟು.”

“ಹಂಗಿದ್ರ ಅದು ನನ್ನ ತಂಬಾಕಿನಂಗ ಆತಲಾ. ಐವತ್ತ ವರ್ಷ ಆತು, ಬಾಯಾಗ ಇಟ್ಕೋತೇನಿ. ಒಂದ ದಿನಾನೂ ನುಂಗಿಲ್ಲ. ನುಂಗಿದ್ರ ತಲಿ ತಿರಗಿ ಬೀಳತೇನಿ. ಅದೇನ ಊಟಾ ಏನ? ಬಾಯಿಗಿ ಹಾಕಿ ಉಗುಳಿದ್ದು ಹೊಟ್ಟಿ ಲೆಕ್ಕಕ್ಕ ಬರಂಗಿಲ್ಲ.”

“ತುಟಿಗಿ ಹಚ್ಚಬ್ಯಾಡ ಅಂದಿದ್ರಿ.”

“ಕುಡೀತಿ ಅಂತ ಅಂದಿದ್ನಿ. ಕೆಲಸಕ್ಕ ಅಂದ್ರ ಬ್ಯಾರೆ. ನಿನ್ನ ಮಾತು ನಾ ತಿರಗಿ ಇಸಗೊಂಡೆ, ಆತೇನ?” ಆಮೇಲೆ ದನಿ ತಗ್ಗಿಸಿ, ಪಕ್ಕದವರಿಗೆ ಗುಟ್ಟು ಹೇಳುವ ಹಾಗೆ ಹೇಳಿದರು. “ಇಲ್ಲಿ ಕೇಳು. ನಾಲಿಗಿ ಮ್ಯಾಲ ಬಾಳೊತ್ತು ಇಟ್ಕೋಬ್ಯಾಡ, ಸುಡತೈತಿ. ಗಲ್ಲದಾಗ ಇಟ್ಕೋ. ಉಗುಳಿದ ಮ್ಯಾಲ ಬಾಯಿ ತೆರೀಬ್ಯಾಡ. ತುಟಿ ಬಿಗಿಹಿಡದು ಮೂಗಿನ್ಯಾಗ ಸಾವಕಾಶ ಉಸರ ಬಿಡು. ಎಲಿ ಯಾವ ಊರಂದು, ಸುಣ್ಣ ಹಳೇದೋ ಹೊಸಾದೋ, ಎಲ್ಲಾ ಆ ಉಸರಿನ್ಯಾಗ ಗೊತ್ತಾಗತೈತಿ.”

ಇಪ್ಪತ್ತು ವರ್ಷ ಅದೇ ಮನೆಯಲ್ಲಿದ್ದು ಅವರ ತಂಬಾಕಿನ ಚಂಚಿಯನ್ನು ಕಂಡರೆ ಮೂಗು ಮುರಿದವಳು ನಾನು. ಅವರ ಮೇಲೆ ಅಷ್ಟು ಪ್ರೀತಿ ನನಗೆ ಹಿಂದೆ ಯಾವತ್ತೂ ಬಂದಿರಲಿಲ್ಲ.

ಆರನೆಯ ದಿನ, ಹತ್ತು ಗ್ಲಾಸು

ಸೋಮವಾರ ಇಡೀ ದಿನ ಉಗುಳುವ ಅಭ್ಯಾಸ ಮಾಡಿದೆ. ಮೊದಲ ಸಲ ಬಾಯಿಗೆ ಹಾಕಿದಾಗ ಹಸಿಮೆಣಸಿನಕಾಯಿ ಕಡಿದ ಹಾಗೆ ಉರಿಯಿತು, ಉಗುಳಿದ್ದು ಪಾತ್ರೆಗಿಂತ ಮೊದಲು ಮೊಯ್ರಾ ಅವರ ಬೂಟಿಗೆ ಬಿತ್ತು. ಹತ್ತನೆಯ ಸಲಕ್ಕೆ ಕೈ ಕೂಡಿತು.

ಮಂಗಳವಾರ ಪರೀಕ್ಷೆ. ಹತ್ತು ಗ್ಲಾಸೂ ಕಡುನೀಲಿ ಗಾಜಿನವು. ಒಳಗಿನ ಬಣ್ಣ ಕಾಣಬಾರದು ಎಂದು. ಶ್ರೀಶೈಲಣ್ಣ ಗ್ಲಾಸು ಎತ್ತಿ ಬೆಳಕಿಗೆ ಹಿಡಿದು ಹಾಗೇ ಇಳಿಸಿದರು. ಅಷ್ಟು ದಿನ ಅವರು ಎಲ್ಲವನ್ನೂ ಸರಿಯಾಗಿ ಹೇಳಿದ್ದು ಬಣ್ಣ ನೋಡಿ, ಕಪ್ಪಿದ್ದರೆ ಶೆರಿ, ಕೆಂಪಿದ್ದರೆ ಪೋರ್ಟ್, ಹಳದಿ ಇದ್ದರೆ ಬರ್ಬನ್ ಎನ್ನುವುದು ಅವರಿಗೂ ಆಗಲೇ ಹೊಳೆದಿರಬೇಕು. ನುಂಗುವುದನ್ನು ಮಾತ್ರ ಬಿಡಲಿಲ್ಲ. ಐದನೆಯ ಗ್ಲಾಸಿಗೆ ಅವರ ಕಿವಿ ಕೆಂಪಾಗಿದ್ದವು.

ನಾನು ಒಂದೊಂದನ್ನೂ ಮೂಗಿಗೆ ಹಿಡಿದು ಬರೆದೆ. ಕೊಬ್ಬರಿ ಸಿಕ್ಕ ಮೂರು ಬರ್ಬನ್. ನೇರಳೆಹಣ್ಣಿನ ಒಗರು ಇದ್ದದ್ದು ಪೋರ್ಟ್. ಬಡಗಿಯ ಅಂಗಡಿಯ ವಾಸನೆ ಹೊಡೆದದ್ದು ಹೊಸ ಓಕ್. ಎರಡರಲ್ಲಿ ಗೊಂದಲವಾಯಿತು. ಹಳೆಯ ಪೀಪಾಯಿ ಎಂದು ಬರೆದು ಮುಂದೆ ಹೋದೆ. ಮೂರು ಶೆರಿ ಉಳಿದವು. ಮೂರೂ ಚೆನ್ನಾಗಿದ್ದವು. ಎಂಟನೆಯದು ಎಲ್ಲಕ್ಕಿಂತ ಚೆನ್ನಾಗಿತ್ತು, ಮುಚ್ಚಳ ತೆಗೆದ ಕೂಡಲೇ ಖಾರೀಕ, ಅಂಜೂರ, ಜೇನು.

ಕೆಟ್ಟದ್ದು ಯಾವುದು? ಹತ್ತನ್ನೂ ಮತ್ತೆ ಮೂಸಿದೆ. ಮೂಗಿಗೆ ಒಂದೂ ಕೆಟ್ಟದಿರಲಿಲ್ಲ. ಹಾಗಾದರೆ ಬಾಯಿ. ಒಂದೊಂದನ್ನೂ ಗಲ್ಲದಲ್ಲಿ ಇಟ್ಟು, ಉಗುಳಿ, ತುಟಿ ಬಿಗಿಹಿಡಿದು ಉಸಿರು ಬಿಡುತ್ತ ಬಂದೆ. ಎಂಟನೆಯದರಲ್ಲಿ ಮೊದಲು ಸಿಹಿ ಬಂತು. ಆಮೇಲೆ ಒಣದ್ರಾಕ್ಷಿ. ಉಸಿರು ಮುಗಿಯುವ ಹೊತ್ತಿಗೆ, ದ್ರಾಕ್ಷಿಯ ಹಿಂದಿನಿಂದ ಇನ್ನೊಂದು ಬಂತು. ಗೀರಿದ ಬೆಂಕಿಕಡ್ಡಿ. ಒಮ್ಮೆಲೆ ನಾನು ಸಾವಳಗಿಯಲ್ಲಿ, ನಮ್ಮ ಚಿಕ್ಕಮ್ಮನ ದ್ರಾಕ್ಷಿ ಶೆಡ್ಡಿನ ಬಾಗಿಲಲ್ಲಿ ಇದ್ದೆ. ಒಣಗಿದ ದ್ರಾಕ್ಷಿಗೆ ಹೊಂಬಣ್ಣ ಬರಲೆಂದು ಅಲ್ಲಿ ಗಂಧಕದ ಹೊಗೆ ಹಾಕುತ್ತಾರೆ. ಹೊಗೆ ಹೆಚ್ಚಾದ ದ್ರಾಕ್ಷಿ ನೋಡಲು ಬಂಗಾರ, ತಿಂದ ಮೇಲೆ ಗಂಟಲಲ್ಲಿ ಕಡ್ಡಿ ಗೀರಿದ ಹಾಗೆ. ಚಿಕ್ಕಮ್ಮ ಅಂಥದ್ದನ್ನು ಬುಟ್ಟಿಗಟ್ಟಲೆ ಬೇರೆ ಹಾಕಿಸುತ್ತಿದ್ದರು.

‘ಎಂಟು. ಶೆರಿ. ಗಂಧಕ. ನಾನಾದರೆ ಕಳಿಸುವುದಿಲ್ಲ’ ಎಂದು ಬರೆದು ಹಾಳೆ ಕೊಟ್ಟೆ. ಶ್ರೀಶೈಲಣ್ಣ ಅದೇ ಎಂಟನೆಯ ಗ್ಲಾಸಿಗೆ ‘ಬೆಸ್ಟ್’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು.

ಮೊಯ್ರಾ ನನ್ನ ಹಾಳೆ ಓದಿ ಕನ್ನಡಕ ತೆಗೆದರು. ಖಾಲಿ ಪೀಪಾಯಿ ಹುಳಿಯಬಾರದು ಎಂದು ಒಳಗೆ ಗಂಧಕದ ಬತ್ತಿ ಉರಿಸುವ ರೂಢಿಯಿತ್ತಂತೆ. ಹೆಚ್ಚು ಉರಿಸಿದ್ದು ಕಟ್ಟಿಗೆಯಲ್ಲಿ ಉಳಿಯುತ್ತದಂತೆ. “ಇದನ್ನು ಹಿಡಿಯುವವರು ಕಡಿಮೆ,” ಅಂದರು. “ಬಾಯಿ ಮುಚ್ಚಿ ಮೂಗಿನಲ್ಲಿ ಉಸಿರು ಬಿಡುವುದನ್ನು ನಾನು ಹೇಳಿಕೊಟ್ಟಿರಲಿಲ್ಲ. ಯಾರು ಕಲಿಸಿದರು?”

“ನಮ್ಮ ಅತ್ತೆ.”

“ಅವರು ಯಾವ ಡಿಸ್ಟಿಲರಿಯಲ್ಲಿದ್ದಾರೆ?”

ಉತ್ತರ ಹೇಳಲು ನನಗೆ ಬಹಳ ಇಂಗ್ಲಿಷ್ ಬೇಕಾಯಿತು. ಗೊಂದಲದ ಎರಡರಲ್ಲಿ ಒಂದು ತಪ್ಪಾಗಿತ್ತು. ಹತ್ತರಲ್ಲಿ ಒಂಬತ್ತು. ಶ್ರೀಶೈಲಣ್ಣನದು ಐದು. ಅವರು ಹೊರಗೆ ಬಂದು ಮಳೆಯಲ್ಲಿ ನಿಂತು, “ನಾ ಇಷ್ಟ ದಿನ ಕುಡದದ್ದು ಬಣ್ಣಾನ ಏನ್ರಿ ಅಕ್ಕಾರ?” ಅಂದರು. ನಗುತ್ತಿದ್ದರು, ಆದರೆ ನೋವಾಗಿತ್ತು.

ಮುಧೋಳ, ನಮ್ಮ ಗೋದಾಮು

ವಿಮಾನ ಇಳಿದು ಲೋಕಾಪುರ ದಾಟುವ ತನಕ ಕೆಲಸ ನನ್ನದೇ ಎಂದುಕೊಂಡಿದ್ದೆ. ಮಾಲಕರು ಹಾಗೆ ಅಂದುಕೊಂಡಿರಲಿಲ್ಲ. ಸರ್ಟಿಫಿಕೇಟನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಅಲ್ಲಿ ಗ್ಲಾಸಿನ್ಯಾಗ ಹೇಳೂದು ಬ್ಯಾರೆ ಮಹಾನಂದಾ. ಇಲ್ಲಿ ನಮ್ಮ ಮಾಲು, ನಮ್ಮ ಬಿಸಲು.”

“ಹಂಗಾದ್ರ ಇಲ್ಲೇ ನೋಡೂಣ್ರಿ. ಈಗ.”

ಮಧ್ಯಾಹ್ನ ಎರಡು ಗಂಟೆ. ಗೋದಾಮಿನ ತಗಡಿನ ಕೆಳಗೆ ಉಸಿರಾಡಿದರೆ ಮೂಗು ಸುಡುವಂತಿತ್ತು. ಹಳೆಯ ಉಸ್ತುವಾರಿಯವರು ನಿವೃತ್ತರಾದ ಮೇಲೆ ಕೀಲಿ ಶ್ರೀಶೈಲಣ್ಣನ ಹತ್ತಿರ ಇತ್ತು. ಬಾಗಿಲು ತೆರೆದರು. ಮೊದಲ ಸಾಲಿನ ಮೊದಲ ಪೀಪಾಯಿಗೆ ಕುಂಕುಮ, ಒಣ ಹೂವಿನ ಸರ. ಮಾಲ್ಟು ಶುರುವಾದ ದಿನ ಮಾಲಕರು ಪೂಜೆ ಮಾಡಿ ತಮ್ಮ ಕೈಯಿಂದಲೇ ತುಂಬಿದ ಶೆರಿ ಪೀಪಾಯಿ ಅದು. ಮಗಳ ಮದುವೆಯ ಬೀಗರಿಗೆ ಇದನ್ನೇ ಕೊಡುವುದು ಎಂದು ಎಲ್ಲರಿಗೂ ಹೇಳಿದ್ದರು. ಇದರಿಂದಲೇ ಶುರು ಮಾಡು ಅಂದರು.

ಬೂಚು ತೆಗೆಸಿ ಸ್ವಲ್ಪ ತೆಗೆದುಕೊಂಡೆ. ಮೂಗಿಗೆ ಖಾರೀಕ, ಬೆಲ್ಲ. ಗಲ್ಲದಲ್ಲಿ ಇಟ್ಟೆ. ಅಲ್ಲಿ ಪೀಕದಾನಿ ಇರಲಿಲ್ಲ, ನೀರಿನ ಬಕೆಟಿಗೆ ಉಗುಳಿದೆ. ತುಟಿ ಬಿಗಿಹಿಡಿದು ಉಸಿರು ಬಿಟ್ಟೆ. ನನಗೆ ಆಗಲೇ ಗೊತ್ತಾಯಿತು. ಹೇಳದೆ ಬಿಡಬಹುದಿತ್ತು. ಛಲೋ ಐತ್ರಿ ಅಂದಿದ್ದರೆ ಕೀಲಿ ಆ ಕ್ಷಣ ನನ್ನದಾಗುತ್ತಿತ್ತು. ಇನ್ನೊಮ್ಮೆ ನೋಡಿದೆ, ಖಾತ್ರಿಗೆ.

“ಇದು ಬೀಗರಿಗಿ ಬ್ಯಾಡ್ರಿ,” ಅಂದೆ. “ಗಂಧಕ ಐತಿ.”

“ಅದು ನಾ ತುಂಬಿದ್ದು.”

“ಹೌದ್ರಿ. ಪೀಪಾಯಿನs ಕೆಟ್ಟದ್ದಿತ್ತು.”

ಮಾಲಕರು ಗ್ಲಾಸು ಇಸಿದುಕೊಂಡು ಒಂದೇ ಗುಟುಕಿಗೆ ಇಳಿಸಿದರು. “ಏನೂ ಇಲ್ಲ. ಬೆಲ್ಲದಂಗ ಐತಿ.”

“ನುಂಗಿದ್ರ ತಿಳಿಯಂಗಿಲ್ರಿ. ಇನ್ನೊಮ್ಮೆ.”

ಮಾಲಕರಿಗೆ ಉಗುಳಿ ಎಂದು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ನಾನು ಗ್ಲಾಸು ತುಂಬಿ ಕೊಟ್ಟು, ಬಕೆಟ್ ಎತ್ತಿ ಅವರ ಮುಂದೆ ಹಿಡಿದೆ. ಗಲ್ಲದಲ್ಲಿ ಇಟ್ಟುಕೊಳ್ಳಿ, ಉಗುಳಿ, ಬಾಯಿ ಮುಚ್ಚಿ, ಮೂಗಿನಲ್ಲಿ ಸಾವಕಾಶ ಬಿಡಿ ಎಂದು ಒಂದೊಂದಾಗಿ ಹೇಳಿದೆ. ಅವರು ನನ್ನನ್ನು ದುರುಗುಟ್ಟಿ ನೋಡುತ್ತಲೇ ಹಾಗೆ ಮಾಡಿದರು. ಉಗುಳಿದರು. ತುಟಿ ಬಿಗಿದರು. ಒಂದು ಉಸಿರು, ಎರಡು ಉಸಿರು. ಮೂರನೆಯದಕ್ಕೆ ಅವರ ಹುಬ್ಬು ಗಂಟಾಯಿತು.

ಆ ಕುಂಕುಮದ ಪೀಪಾಯಿಯ ಕಡೆ ನೋಡಿದರು. ಆಮೇಲೆ ನನ್ನ ಕಡೆ ನೋಡದೆ, “ಶ್ರೀಶೈಲ, ಕೀಲಿ ಅಕ್ಕಾರಿಗಿ ಕೊಡು” ಅಂದರು. ಹತ್ತೊಂಬತ್ತು ವರ್ಷದಲ್ಲಿ ಅವರು ನನ್ನನ್ನು ಅಕ್ಕಾರ ಅಂದದ್ದು ಅದೇ ಮೊದಲು.

ಶ್ರೀಶೈಲಣ್ಣ ಕೀಲಿಯನ್ನು ಧೋತರದ ಅಂಚಿನಲ್ಲಿ ಒರೆಸಿ ಎರಡೂ ಕೈಯಿಂದ ಕೊಟ್ಟರು. ನಾನು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಸೀಮೆಸುಣ್ಣ ಹಿಡಿದು ಮೊದಲ ಪೀಪಾಯಿಗೆ ಅಡ್ಡಗೆರೆ ಎಳೆದೆ. ಎರಡನೆಯದರ ಬೂಚು ತೆಗೆಯಿರಿ ಅಂದೆ.